ದೇವರ ಮನೆಯ ಜೇನು

ನನಗೆ ಇತ್ತೀಚೆಗೆ ಒಂದು ಚಟ ಹತ್ತಿದೆ. ಕೈಗೆ ಸಿಕ್ಕಿದ ಸಾಮಾನಿನ ಮೇಲೆ ಏನಾದರೂ ಬರೆದಿದ್ದರೆ ಕೊನೆಯ ಅಕ್ಷರದವರೆಗೂ ಓದದೆ ಕೆಳಗಿಡಲಾರೆ. ಬೆಂಕಿಪೊಟ್ಟಣ, ಉಪ್ಪಿನ ಪ್ಯಾಕೆಟ್ಟು, ಊದುಬತ್ತಿಯ ಡಬ್ಬ, ಯಾವುದನ್ನೂ ಬಿಡುವುದಿಲ್ಲ. ಮೊನ್ನೆ ತಿಪಟೂರಿನಿಂದ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಕಾಲ ಬಳಿ ಇದ್ದ ಚೀಲದ ಮೇಲಿನ ಬರಹವನ್ನು ಬಗ್ಗಿ ಬಗ್ಗಿ ಓದುತ್ತಿದ್ದೆ. "ಏನ್ ನೋಡ್ತೀರಕ್ಕ, ದನದ ಹಿಂಡಿ ಅದು" ಅಂದಳು. "ಗೊತ್ತು ಕಣಮ್ಮ, ಬರ್ದಿದೆ" ಅಂದೆ. ಆಕೆ ಮೆಲ್ಲಗೆ ಚೀಲವನ್ನು ಆ ಕಡೆಗೆ ಎಳೆದುಕೊಂಡಳು.

ಈ ಚಟ ಹತ್ತಿಸಿದ ಬಾಟಲಿ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಈಗಲೂ ಇದೆ. ಬೆರಳುದ್ದದ ಪ್ಲಾಸ್ಟಿಕ್ ಬಾಟಲಿ, ಹಳದಿ ಮುಚ್ಚಳ, ಮೇಲೆ ಒಂದು ಜೇನುಹುಳುವಿನ ಚಿತ್ರ, ಅದರ ಪಕ್ಕ ಒಂದು ಕಮಲ. ಒಳಗೆ ಏನೂ ಇಲ್ಲ. ಎಸೆಯಲು ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ, ಮತ್ತೆ ಅಲ್ಲೇ ಇಟ್ಟಿದ್ದೇನೆ.

ನಾನು ಯಾರೆಂದು ಹೇಳಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಕೆಲಸದಿಂದ ನಿವೃತ್ತಿಯಾಯಿತು, ಮೇಡಂತನದಿಂದ ಆಗಲಿಲ್ಲ. ಯಾರಾದರೂ ನನ್ನೆದುರು ಮಾತಾಡಿದರೆ ಅದರಲ್ಲಿ ತಪ್ಪು ಹುಡುಕಿ, ತಿದ್ದಿ, ಮತ್ತೊಮ್ಮೆ ಸರಿಯಾಗಿ ಹೇಳಿಸುವ ತನಕ ನನಗೆ ಸಮಾಧಾನವಿಲ್ಲ. ಮದುವೆಮನೆಯಲ್ಲಿ ನನ್ನ ಪಕ್ಕದ ಎಲೆಗೆ ಕೂರಲು ಜನ ಹಿಂದೆಮುಂದೆ ನೋಡುತ್ತಾರೆ. ಇನ್ನೊಂದು ವಿಷಯ ಹೇಳಿದರೆ ನೀವು ನಗುತ್ತೀರಿ. ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಮನೆಯಿಂದ ಖಾಲಿ ಪ್ಯಾಕೆಟ್ಟು, ಬಾಟಲಿಗಳ ಲೇಬಲ್ಲು ತಂದು ಪುಸ್ತಕಕ್ಕೆ ಅಂಟಿಸುವ ಕೆಲಸ ಕೊಡುತ್ತಿದ್ದೆ. ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದದೆ ಬಂದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. "ದೊಡ್ಡ ಅಕ್ಷರ ಮಾರೋದಕ್ಕೆ, ಸಣ್ಣ ಅಕ್ಷರ ನಿಮಗೆ" ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದೇನೆ.

ಜೇನಿನ ವಿಷಯಕ್ಕೆ ಬರಬೇಕಾದರೆ ಹಂದನಕೆರೆಯ ನಮ್ಮಜ್ಜಿಯಿಂದ ಶುರುಮಾಡಬೇಕು. ಅಮ್ಮನ ಅಮ್ಮ. ಅವಳ ತೋಟದ ಬೇಲಿಯ ಪೊದೆಗಳಲ್ಲಿ ಕಡ್ಡಿಜೇನು ಕಟ್ಟುತ್ತಿತ್ತು. ಒಂದು ಕಡ್ಡಿಗೆ ಅಂಗೈಯಗಲದ ಗೂಡು, ಅಷ್ಟೇ. ಅಜ್ಜಿ ಒಣಮಟ್ಟೆಗೆ ಬೆಂಕಿ ಮುಟ್ಟಿಸಿ ಹೊಗೆ ಮಾಡಿ, ಹುಳುಗಳಿಗೆ "ಸ್ವಲ್ಪ ಆ ಕಡೀಕ್ ಹೋಗ್ರವ್ವ" ಎಂದು ಮರ್ಯಾದೆಯಿಂದ ಹೇಳಿ, ಗೂಡು ಕೊಯ್ದು ತರುತ್ತಿದ್ದಳು. ತೆಳು ಬಟ್ಟೆಯಲ್ಲಿ ಸೋಸಿ ಎರಡು ಗಾಜಿನ ಬಾಟಲಿಗೆ ತುಂಬುತ್ತಿದ್ದಳು. ಒಂದು ಅಡುಗೆಮನೆಗೆ. ಇನ್ನೊಂದು ಅವಳ ಟ್ರಂಕಿಗೆ.

"ಅದ್ಯಾಕಜ್ಜಿ ಟ್ರಂಕಲ್ಲಿ ಇಡ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ಅದು ಗಾಯದ್ದು ಕಣವ್ವ. ಬಾಯಿದಲ್ಲ."

"ಎಲ್ಡೂ ಒಂದೇ ಗೂಡಿಂದು ತಾನೆ?"

"ಗೂಡು ಒಂದೇ. ನೀವು ನೆಕ್ಕಿದ ಚಮಚ ಎಲ್ಲೆಲ್ಲಿ ಓಡಾಡಿರ್ತದೋ ಏನೋ. ಗಾಯದ್ದಕ್ಕೆ ನಾನು ಬಿಟ್ರೆ ಯಾರೂ ಕೈ ಹಾಕ್ಕೂಡ್ದು."

ಇದು ಮುದುಕಿಯ ಜಿಪುಣತನ ಎಂದು ನಾನು ತೀರ್ಮಾನಿಸಿದ್ದೆ. ಆಗ ನನಗೆ ಒಂಬತ್ತು ವರ್ಷ. ತಪ್ಪು ತೀರ್ಮಾನಗಳನ್ನು ನಾನು ಬೇಗನೇ ಶುರುಮಾಡಿದ್ದೆ ಎಂದು ಹೇಳಲು ಇದನ್ನು ಹೇಳಿದೆ.

ಅದೇ ವರ್ಷ ಹಿತ್ತಲಿನ ಚಿಪ್ಪಿನ ರಾಶಿಯ ಮೇಲೆ ಬಿದ್ದು ಮೊಣಕಾಲು ಕೊಯ್ದುಕೊಂಡೆ. ಕೊಬ್ಬರಿ ಒಡೆದ ಚಿಪ್ಪು ಎಷ್ಟು ಹರಿತವೆಂದು ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. ಅಜ್ಜಿ ಟ್ರಂಕು ತೆಗೆದಳು. ಕಾಯಿಸಿ ಆರಿಸಿದ ನೀರಲ್ಲಿ ತೊಳೆದು, ಜೇನು ಸುರಿದು, ಒಗೆದ ಪಂಚೆಯ ಚೂರು ಕಟ್ಟಿದಳು. ಮೂರನೆಯ ದಿನ ಸ್ಕೂಲಿಗೆ ಹೋದೆ. ಮೇಷ್ಟ್ರು ಮಗ್ಗಿ ಹೇಳಿಸುತ್ತಿದ್ದವರು ನಿಲ್ಲಿಸಿ ನೆಲ ನೋಡತೊಡಗಿದರು. ಬಾಗಿಲಿನಿಂದ ಹೊರಟ ಇರುವೆ ಸಾಲು ಎರಡು ಬೆಂಚು ದಾಟಿ ನೆಟ್ಟಗೆ ನನ್ನ ಮೊಣಕಾಲಿಗೆ ಬಂದಿತ್ತು. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಕಟ್ಟು ಬಿಚ್ಚಿಸಿ, "ಇದೇನು ಗಾಯವೋ ಜಿಲೇಬಿಯೋ" ಎಂದು ಉಜ್ಜಿ ತೊಳೆಸಿ, ಟಿಂಕ್ಚರ್ ಹಚ್ಚಿದರು. ಉರಿಗೆ ಕಿರುಚಿಕೊಂಡೆ. ತೆಳುವಾಗಿ ಕೂಡಿಕೊಂಡಿದ್ದ ಗುಲಾಬಿ ಚರ್ಮ ಆ ಉಜ್ಜಿದ ರಭಸಕ್ಕೆ ಮತ್ತೆ ಕಿತ್ತು ಬಂದದ್ದನ್ನು ಯಾರೂ ಗಮನಿಸಲಿಲ್ಲ. ಆ ಗುರುತು ಇನ್ನೂ ಇದೆ. ಆದರೆ ನನಗೆ ನೆನಪುಳಿದದ್ದು ನಗು ಮಾತ್ರ. ಆ ವರ್ಷವೆಲ್ಲ ನನ್ನ ಹೆಸರು ಜಿಲೇಬಿ.

ಆವತ್ತಿನಿಂದ ನಾನು ಟಿಂಕ್ಚರ್ ಪಕ್ಷ. ಮುಂದೆ ಪಾಠ ಮಾಡುವವಳಾದ ಮೇಲೆ ಸೂಕ್ಷ್ಮಜೀವಿಗಳ ಅಧ್ಯಾಯ ಬಂದಾಗಲೆಲ್ಲ ಅಜ್ಜಿಯ ಕಥೆ ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. "ಗಾಯಕ್ಕೆ ಸಿಹಿ ಹಚ್ಚಿದರೆ ಏನಾಗುತ್ತೆ? ಕೀಟಾಣುಗಳಿಗೆ ಹಬ್ಬದೂಟ ಆಗುತ್ತೆ." ಸತ್ತ ಅಜ್ಜಿಯನ್ನು ಮೂವತ್ತು ಬ್ಯಾಚಿನ ಮಕ್ಕಳೆದುರು ಹಾಸ್ಯಕ್ಕೆ ನಿಲ್ಲಿಸಿದೆನಲ್ಲ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಯಜಮಾನರು ತೋಟದವರು. ಶೆಟ್ಟಿಕೆರೆ ರಸ್ತೆಯಲ್ಲಿ ಬಸ್ಸಿಳಿದು ಸ್ವಲ್ಪ ನಡೆದರೆ ನಮ್ಮ ಮನೆ, ಮನೆಯ ಹಿಂದೆಯೇ ತೋಟ. ಅವರದು ಕಡಿಮೆ ಮಾತು. ಹೆಂಡತಿ ಮೇಡಂ ಆದರೆ ಗಂಡನಿಗೆ ಮಾತು ಉಳಿಯುವುದಾದರೂ ಹೇಗೆ ಎಂದು ನೀವು ಕೇಳಬಹುದು, ಕೇಳಿ, ತಪ್ಪಿಲ್ಲ. ಆದರೆ ಕಾಯಿಯ ವಿಷಯದಲ್ಲಿ ಅವರ ಕಿವಿಗೆ ಸಮ ಇಲ್ಲ. ನಮ್ಮಲ್ಲಿ ಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಒಳಗೇ ಉರುಳಾಡುತ್ತದೆ. ಸುಲಿದ ಕಾಯಿಯನ್ನು ಅವರು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿರುವುದು ಒಳ್ಳೆಯದೋ, ಕೊಳೆತದ್ದೋ, ಇನ್ನೂ ಹಸಿಯೋ ಹೇಳಿಬಿಡುತ್ತಾರೆ. ಒಡೆದು ನೋಡಿದರೆ ಹಾಗೇ ಇರುತ್ತದೆ. "ಇದಕ್ಕೆ ವೈಜ್ಞಾನಿಕ ಆಧಾರ ಏನ್ರೀ?" ಎಂದು ನಾನು ಕೇಳಿದ್ದೇನೆ. "ಸದ್ದು ಕಣೇ" ಅಂದಿದ್ದರು.

ಅವರು ಅಮಾವಾಸ್ಯೆ ಅಂದರೆ ನಾನು ಮೂಢನಂಬಿಕೆ ಅನ್ನುವುದು, ಅವರು ಮಳೆ ಬತ್ತದೆ ಅಂದರೆ ನಾನು ಮೊಬೈಲಿನಲ್ಲಿ ನೋಡಿ ಇಲ್ಲ ಅನ್ನುವುದು, ಆಮೇಲೆ ಒಗೆದ ಬಟ್ಟೆ ನೆನೆಯುವುದು, ಹೀಗೆ ನಮ್ಮ ಸಂಸಾರ ನಡೆದುಕೊಂಡು ಬಂದಿತ್ತು. ಕೆಲವು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದ್ದರು. ಬರಿಗಾಲಲ್ಲಿ ಓಡಾಡಬೇಡಿ ಎಂದೂ ಹೇಳಿದ್ದರು. ತೋಟದವರಿಗೆ ಚಪ್ಪಲಿ ಹಾಕಿಕೋ ಅನ್ನುವುದು ಹಸುವಿಗೆ ಹಾಕಿಕೋ ಅಂದ ಹಾಗೆ.

ಕಳೆದ ವರ್ಷ ಒಂದು ಬೆಳಿಗ್ಗೆ ನಡುಮನೆಯ ಟೈಲ್ಸ್ ಮೇಲೆ ಕೆಂಪು ಕೆಂಪು ಗುರುತು. ಹಿತ್ತಲ ಬಾಗಿಲಿನಿಂದ ಅವರು ಕೂತಿದ್ದ ಕುರ್ಚಿಯವರೆಗೆ. ನಾನು ನೋಡುತ್ತ ನಿಂತೆ. ಅವರೂ ನೋಡಿದರು.

"ಕುಂಕುಮ ಚೆಲ್ಲಿದ್ಯೇನೇ?" ಅಂದರು.

ಕಾಲೆತ್ತಿಸಿ ನೋಡಿದರೆ ಬಲಗಾಲಿನ ಕಿರುಬೆರಳಿನ ಬುಡದಲ್ಲಿ ಚಿಪ್ಪಿನ ಚೂರೊಂದು ಪೂರ್ತಿ ಒಳಗೆ ಹೋಗಿ ಕೂತಿತ್ತು. ನೀರೊಲೆಗೆ ಚಿಪ್ಪು ತರಲು ಹಿತ್ತಲಿಗೆ ಹೋಗಿದ್ದರಂತೆ. ಚುಚ್ಚಿದ್ದು ಇವರಿಗೆ ಗೊತ್ತೇ ಇಲ್ಲ. ಅದು ಅಂದೇ ಚುಚ್ಚಿದ್ದೂ ಅಲ್ಲ, ಸುತ್ತ ಊದಿ ಕೀವು ಕಟ್ಟಿ, ಅಂದು ನಡೆದ ರಭಸಕ್ಕೆ ಒಡೆದು ರಕ್ತ ಬಂದಿತ್ತು. ಎರಡು ಮೂರು ದಿನದಿಂದ ಆ ಚೂರನ್ನು ಕಾಲಲ್ಲಿಟ್ಟುಕೊಂಡೇ ಮನುಷ್ಯ ತೋಟ ಸುತ್ತಿದ್ದರು.

ತಿಪಟೂರಿನ ಆಸ್ಪತ್ರೆಯೊಂದಕ್ಕೆ ಓಡಿದೆವು. ಸರ್ಜನ್ ಇನ್ನೂ ಚಿಕ್ಕ ವಯಸ್ಸಿನವರು. ಚೂರು ತೆಗೆದು, ಕೊಳೆತದ್ದನ್ನು ಕತ್ತರಿಸಿ ಶುಚಿಮಾಡಿ, ಮಾತ್ರೆ ಇಂಜೆಕ್ಷನ್ನು ಬರೆದು, "ಬೆರಳು ಉಳಿಯುತ್ತೆ ಮೇಡಂ, ಆದರೆ ಹುಷಾರಾಗಿ ನೋಡ್ಕೋಬೇಕು" ಅಂದರು. ಆಮೇಲೆ ಒಂದು ಟ್ಯೂಬು ತೆಗೆದು ಗಾಯದ ಮೇಲೆ ಹಿಂಡಿದರು. ಕಂದು ಬಣ್ಣ, ಅಂಟು ಅಂಟು. ವಾಸನೆ ಪರಿಚಯದ್ದು.

"ಇದೇನು ಡಾಕ್ಟ್ರೇ?"

"ಜೇನುತುಪ್ಪ."

ನಾನು ಕೂತಿದ್ದ ಸ್ಟೂಲಿನಿಂದ ಎದ್ದು ನಿಂತೆ. ಇಂಗ್ಲಿಷ್ ಔಷಧಿ ಓದಿದ ಡಾಕ್ಟರು, ಮುಖಕ್ಕೆ ಮಾಸ್ಕು, ಕೈಗೆ ಗ್ಲೋವ್ಸು, ಹಚ್ಚುತ್ತಿರುವುದು ಜೇನುತುಪ್ಪ. ಜಗಳ ತೆಗೆದೆ. ಸಕ್ಕರೆ ಕಾಯಿಲೆಯವರ ಗಾಯಕ್ಕೆ ಸಿಹಿ ಹಚ್ಚುತ್ತೀರಲ್ಲ, ಕೀಟಾಣುಗಳಿಗೆ ಹಬ್ಬದೂಟವಾಗುವುದಿಲ್ಲವೇ ಎಂದು ನನ್ನ ಹಳೆಯ ಪಾಠವನ್ನೇ ಒಪ್ಪಿಸಿದೆ. ಅವರು ಸಿಟ್ಟಾಗಲಿಲ್ಲ. ಜೇನಿನಲ್ಲಿ ನೀರಿನಂಶ ತೀರಾ ಕಡಿಮೆ, ಅದು ಕೀಟಾಣುಗಳ ಮೈಯಲ್ಲಿರುವ ನೀರನ್ನೇ ಎಳೆದುಕೊಂಡು ಒಣಗಿಸಿಬಿಡುತ್ತದೆ ಅಂದರು. ಮೇಲಾಗಿ ಅದಕ್ಕೆ ಹುಳಿಯ ಗುಣ ಇದೆ, ಅದೂ ಕೀಟಾಣುಗಳಿಗೆ ಆಗದು. ಇನ್ನೊಂದು, ಹುಳು ತನ್ನ ಬಾಯಿಯಿಂದ ಜೇನಿಗೆ ಸೇರಿಸಿದ ಒಂದು ಪದಾರ್ಥ ಗಾಯದ ತೇವ ತಾಗಿದ ಕೂಡಲೇ ಕೆಲಸ ಶುರುಮಾಡಿ ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪ ಸ್ವಲ್ಪವಾಗಿ ಹುಟ್ಟಿಸುತ್ತದಂತೆ.

ಹೈಡ್ರೋಜನ್ ಪೆರಾಕ್ಸೈಡ್. ಅದರ ಸೂತ್ರವನ್ನು ಎಷ್ಟು ಸಾವಿರ ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ. ಬೇಲಿಯ ಕಡ್ಡಿಜೇನು ಅದನ್ನು ತಯಾರಿಸುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಜ್ಜಿ ಹೇಳಿದ್ದಳು, ಆದರೆ ಸೂತ್ರ ಬರೆದು ಹೇಳಿರಲಿಲ್ಲ.

ಡಾಕ್ಟರು ಮಾತು ಮುಗಿಸಿರಲಿಲ್ಲ. "ಇದು ಗಾಯಕ್ಕೆ ಅಂತಲೇ ಶುದ್ಧ ಮಾಡಿದ ಜೇನು. ಎಲ್ಲ ಗಾಯಕ್ಕೂ ಇದು ಆಗಲ್ಲ. ನೀವಾಗಿ ಮನೇಲಿ ಯಾವುದನ್ನೂ ಹಚ್ಚಬೇಡಿ. ಎರಡು ದಿನಕ್ಕೊಂದು ಸಲ ಇಲ್ಲಿಗೇ ಬನ್ನಿ." ಈ ಭಾಗ ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೆ ಇನ್ನೂ ಪೆರಾಕ್ಸೈಡಿನಲ್ಲೇ ಇತ್ತು. ದಾರಿಯುದ್ದಕ್ಕೂ ಯಜಮಾನರಿಗೆ ಪಾಠ ಮಾಡಿಕೊಂಡು ಬಂದೆ. ಪಕ್ಷ ಬದಲಾಯಿಸಿದವರ ಆವೇಶ ನಿಮಗೆ ಗೊತ್ತಲ್ಲ, ಹುಟ್ಟಿದಾಗಿನಿಂದ ಅದೇ ಪಕ್ಷದಲ್ಲಿದ್ದವರಿಗಿಂತ ಹೆಚ್ಚು.

ಎರಡು ವಾರದಲ್ಲಿ ಗಾಯ ತುಂಬತೊಡಗಿತು. ಒಳಗೆ ದಾಳಿಂಬೆ ಬಣ್ಣದ ಹೊಸ ಮಾಂಸ. ಆಗ ಬಂದರು ನೋಡಿ, ಕಾಯಿ ಸುಲಿಯುವವರು. ಮೂರು ತಿಂಗಳಿನಿಂದ ನಾಳೆ ಬತ್ತೀವಿ, ನಾಡಿದ್ದು ಬತ್ತೀವಿ ಅನ್ನುತ್ತಿದ್ದವರು ಅಂದು ಏಕಾಏಕಿ ಬಂದು ಅಂಗಳದಲ್ಲಿ ಸಲಾಕೆ ನೆಟ್ಟರು. ಅವರನ್ನು ವಾಪಸ್ಸು ಕಳಿಸಿದರೆ ಮತ್ತೆ ಸಿಗುವುದು ಯಾವಾಗಲೋ. ಅವರು ಸುಲಿದು ಹಾಕಿದ್ದನ್ನು ಅಲ್ಲಾಡಿಸಿ ಬೇರೆ ಮಾಡಲು ಯಜಮಾನರ ಕಿವಿಯೇ ಬೇಕು. ಅಷ್ಟು ಜನಕ್ಕೆ ಅಡುಗೆಗೆ ನಾನು ಬೇಕು.

"ಆಸ್ಪತ್ರೆಗೆ?" ಅಂದರು ಯಜಮಾನರು.

"ಹಚ್ಚೋದು ಜೇನು ತಾನೆ? ನಾನು ಮಾಡ್ತೀನಿ ಬಿಡಿ" ಅಂದೆ.

ಮುಂದಿನದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಅದನ್ನು ಬಹಳ ಅಚ್ಚುಕಟ್ಟಾಗಿ ಮಾಡಿದೆ. ಅಡುಗೆಮನೆಯಲ್ಲಿ ಅಂಗಡಿಯಿಂದ ತಂದ ದೊಡ್ಡ ಕಂಪನಿಯ ಜೇನು ಇತ್ತು. ಅದನ್ನು ಮುಟ್ಟಲಿಲ್ಲ. ಕಂಪನಿಯವರನ್ನು ಯಾರು ನಂಬುತ್ತಾರೆ, ಸಕ್ಕರೆ ಬೆರೆಸಿರುತ್ತಾರೆ. ನಾನು ದೇವರ ಮನೆಗೆ ಹೋದೆ.

ನಮ್ಮ ಮನೆಯಲ್ಲಿ ಒಂದು ಸಣ್ಣ ಲಿಂಗವಿದೆ. ಸೋಮವಾರ ಸೋಮವಾರ ಯಜಮಾನರು ಅದಕ್ಕೆ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಯ ಅಭಿಷೇಕ ಮಾಡುತ್ತಾರೆ. ಜೇನಿನ ಸಣ್ಣ ಬಾಟಲಿಯನ್ನು ತಿಪಟೂರಿನ ಗ್ರಂಥಿಗೆ ಅಂಗಡಿಯಿಂದ ಕುಂಕುಮ ಕರ್ಪೂರದ ಜೊತೆ ನಾನೇ ತರುವುದು. ನಮ್ಮ ಸೀಮೆಯಲ್ಲಿ ದೇವರ ಸಾಮಾನು ಅಂದರೆ ಅದಕ್ಕಿಂತ ಮಿಗಿಲು ಇಲ್ಲ. ನಮ್ಮತ್ತೆ ಇದ್ದಾಗ ದೇವರಿಗೊಂದು ಕಾಯಿ ಬೇಕೆಂದರೆ ರಾಶಿಯ ಮುಂದೆ ಅರ್ಧ ಗಂಟೆ ಕೂರುತ್ತಿದ್ದರು. ಜುಟ್ಟು ಮುರಿದದ್ದು ಬೇಡ, ಗೀರು ಬಿದ್ದದ್ದು ಬೇಡ. ಮನೆಯವರೆಲ್ಲ ಒಡಕು ಕಾಯಿಯ ಚಟ್ನಿ ತಿಂದರೂ ಸರಿ, ದೇವರದು ಮಾತ್ರ ಮುಕ್ಕಾಗಿರಬಾರದು. ಅಂಥ ಮನೆಯಲ್ಲಿ ದೇವರ ಮನೆಯ ಜೇನು ಅಸಲಿಯೋ ನಕಲಿಯೋ ಎಂದು ಅನುಮಾನ ಪಡುವುದು ಹೇಗೆ? ವಿಜ್ಞಾನ ಓದಿದ ನನಗೂ ಆ ಅನುಮಾನ ಬರಲಿಲ್ಲ. ದೇವರಿಗೆ ಆಗುವುದು ಗಂಡನಿಗೆ ಆಗದೇ ಎಂದುಕೊಂಡೆ.

ಚಮಚವನ್ನು ಇಪ್ಪತ್ತು ನಿಮಿಷ ಕುದಿಸಿದೆ. ಹತ್ತಿ ಬಟ್ಟೆಯನ್ನು ಕುಕ್ಕರಿನಲ್ಲಿಟ್ಟು ಮೂರು ವಿಷಲ್ ಕೂಗಿಸಿದೆ. ಮೆಡಿಕಲ್ ಅಂಗಡಿಯಿಂದ ಗ್ಲೋವ್ಸ್ ತರಿಸಿದೆ. ಸಾಬೂನಿನಲ್ಲಿ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದುಕೊಂಡೆ. ಅಷ್ಟೆಲ್ಲ ಮಡಿ ಮಾಡಿ ಬಾಟಲಿ ಬಗ್ಗಿಸಿ ಗಾಯದ ತುಂಬ ಸುರಿದೆ. ಸ್ವಲ್ಪ ನೀರಾಗಿತ್ತು. ಸೆಕೆಗೆ ಕರಗಿದೆ ಅಂದುಕೊಂಡೆ. ಯಜಮಾನರು ಬಾಟಲಿ ನೋಡಿದರು, ನನ್ನ ಮುಖ ನೋಡಿದರು, ಏನೋ ಹೇಳಲು ಬಾಯಿ ತೆರೆದವರ ಹಾಗೆ ಕಂಡರು. "ಅಲ್ಲಾಡಬೇಡಿ" ಅಂದೆ. ಸುಮ್ಮನಾದರು.

ಹೀಗೆ ಆರು ದಿನ. ಮೂರು ಸಲ ಕಟ್ಟು ಬದಲಿಸಿದೆ. ಎರಡನೆಯ ಸಲ ಗಾಯದ ಅಂಚು ಬಿಳಿಚಿಕೊಂಡಿತ್ತು. ಜೇನು ಕೆಲಸ ಮಾಡುತ್ತಿದೆ ಎಂದು ಅರ್ಥಮಾಡಿಕೊಂಡೆ. ಮೂರನೆಯ ಸಲ ಹುಳಿ ಹುಳಿ ವಾಸನೆ. ಜೇನಿಗೆ ಹುಳಿಯ ಗುಣ ಇರುತ್ತೆ ಎಂದು ಡಾಕ್ಟರೇ ಹೇಳಿದ್ದರಲ್ಲ. ಕಲಿತವರು ತಪ್ಪು ಮಾಡುವುದು ಹೀಗೆ. ಪ್ರತಿ ತಪ್ಪಿಗೂ ಒಂದು ಕಾರಣ ಸಿದ್ಧವಾಗಿರುತ್ತದೆ.

ಆರನೆಯ ದಿನ ಮಧ್ಯಾಹ್ನ ಸುಲಿಯುವವರಿಗೆ ಮಜ್ಜಿಗೆ ಕೊಡಲು ಅಂಗಳಕ್ಕೆ ಬಂದೆ. ಯಜಮಾನರು ಕುರ್ಚಿಯಲ್ಲಿ ಕೂತು, ಕಟ್ಟಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು, ಕಾಯಿ ಅಲ್ಲಾಡಿಸುತ್ತಿದ್ದರು. ಹೊಸಲು ದಾಟಿ ಒಂದು ಇರುವೆ ಸಾಲು ಹೊರಟಿತ್ತು. ನೋಡುತ್ತ ಬಂದೆ. ಅದು ಮಣೆ ಹತ್ತಿ ಅವರ ಕಟ್ಟಿನೊಳಗೆ ಹೋಗುತ್ತಿತ್ತು. ನನಗೆ ಮೊದಲು ಬಂದದ್ದು ನಗು. ಜಿಲೇಬಿ ಅನ್ನುವ ಹಳೆಯ ಹೆಸರು ನೆನಪಾಯಿತು, ಅಜ್ಜಿ ನೆನಪಾದಳು. ಬಗ್ಗಿ ನೋಡಿದೆ. ಕಟ್ಟಿನ ಸಂದಿಯಲ್ಲಿ ಇರುವೆಗಳು ಮುತ್ತಿಕೊಂಡಿದ್ದವು. ಕೆಂಪಿರುವೆ, ಕಚ್ಚಿದರೆ ಎಂಥವನೂ ಕುಣಿಯಬೇಕು. ಇವರು ಕಾಯಿ ಅಲ್ಲಾಡಿಸುತ್ತಲೇ ಇದ್ದರು.

"ರೀ, ಕಾಲು ಕಚ್ತಾ ಇಲ್ವಾ?"

"ಏನು ಕಚ್ಚೋದು?" ಅಂದರು.

ಮಜ್ಜಿಗೆ ಚೆಂಬು ಅಲ್ಲೇ ಬಿಟ್ಟು ಕಟ್ಟು ಬಿಚ್ಚಿದೆ. ಕಿರುಬೆರಳು ಕಪ್ಪಾಗಿತ್ತು.

ಆಟೋದಲ್ಲಿ ತಿಪಟೂರಿಗೆ ಹೋಗುವಾಗ ನಾನು ಏನೇನು ಮಾತಾಡಿದೆನೋ ನೆನಪಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಡಾಕ್ಟರು ಹೊರಗೆ ಬಂದು "ಏನು ಹಚ್ಚಿದ್ರಿ?" ಅಂದರು. ನಾನು ಬ್ಯಾಗಿನಿಂದ ಬಾಟಲಿ ತೆಗೆದು ಕೊಟ್ಟೆ. ಆಗಲೂ ನನ್ನ ಮನಸ್ಸಿನಲ್ಲಿ ಇದ್ದದ್ದು, ಇಂಥ ಒಳ್ಳೆಯ ಜೇನು ಹಚ್ಚಿಯೂ ಹೀಗಾಯಿತಲ್ಲ ಎಂಬುದೇ. ಅವರು ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ, ಕೆಳಗಿನ ಸಾಲನ್ನು ನಿಧಾನವಾಗಿ ಓದಿದರು.

"ಪೂಜೆಗೆ ಮಾತ್ರ. ತಿನ್ನಲು ಅಲ್ಲ."

ನನಗೆ ಅರ್ಥವಾಗಲಿಲ್ಲ. "ಏನಂತೆ?" ಅಂದೆ.

"ಬಾಯಿಗೇ ಹಾಕ್ಕೋಬಾರ್ದು ಅಂತ ಬರೆದಿದೆ ಮೇಡಂ. ಇದು ಜೇನಲ್ಲ. ಬಣ್ಣ ಹಾಕಿದ ಸಕ್ಕರೆ ಪಾಕ ಇರಬೇಕು."

ನನ್ನ ಕನ್ನಡಕ ತಲೆಯ ಮೇಲಿತ್ತು. ಇಳಿಸಿಕೊಂಡು ಓದಿದೆ. ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರ, ಆದರೆ ಸ್ಪಷ್ಟವಾದ ಕನ್ನಡ, ಒಂದು ಕಾಗುಣಿತದ ತಪ್ಪೂ ಇಲ್ಲ. ತಿಂಗಳಿಗೊಂದು ಬಾಟಲಿಯಂತೆ ವರ್ಷಾನುಗಟ್ಟಲೆ ನಾನೇ ಕೈಯಾರೆ ಹೊತ್ತು ತಂದಿದ್ದೆ. ಬೆಂಚಿನ ಮೇಲೆ ನಿಲ್ಲಿಸಿದ ಮಕ್ಕಳೆಲ್ಲ ಕಣ್ಣ ಮುಂದೆ ಸಾಲಾಗಿ ಬಂದು ನಿಂತರು.

"ಗಟ್ಟಿ ಜೇನು ಕೀಟಾಣುನ ಒಣಗಿಸುತ್ತೆ" ಅಂದರು ಡಾಕ್ಟರು. "ನೀರು ಬೆರೆತ ಪಾಕ ಅದಕ್ಕೆ ಊಟ ಹಾಕುತ್ತೆ."

ಹಬ್ಬದೂಟ. ಪಾಠದಲ್ಲಿ ನಾನು ಹೇಳುತ್ತಿದ್ದದ್ದು ಒಂದೇ ಒಂದು ಸಲ ನಿಜವಾಯಿತು, ಅದೂ ನನ್ನ ಕೈಯಿಂದಲೇ.

ಬೆರಳು ತೆಗೆದರು. ಪಾದ ಉಳಿಯಿತು. ನಾನು ಡಾಕ್ಟರನ್ನು ಒಬ್ಬರೇ ಇದ್ದಾಗ ಕೇಳಿದೆ, ನನ್ನಿಂದಲೇ ಹೀಗಾಯಿತಾ ಎಂದು. "ಅದೊಂದರಿಂದಲೇ ಅಂತ ನಾನು ಹೇಳಲಾರೆ. ಸಕ್ಕರೆ ಕಾಯಿಲೆ ಕಾಲು. ಆದರೆ ಆರು ದಿನ ನಾವು ನೋಡಲಿಲ್ಲ, ಅದು ನಿಜ" ಅಂದರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಪರೇಶನ್ನಿನ ಗಾಯ ಶುಚಿಯಾದ ಮೇಲೆ ಮತ್ತೆ ಅದೇ ಟ್ಯೂಬಿನ ಜೇನು ಹಚ್ಚಿದರು. ಈ ಸಲ ನಾನು ಎರಡು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆಯೇ ಹೋಗಿ ಕೂತೆ. ಗಾಯ ನೋಡನೋಡುತ್ತ ಮಾಯಿತು.

ನಡುವೆ ಒಂದು ದಿನ ಗ್ರಂಥಿಗೆ ಅಂಗಡಿಗೆ ನುಗ್ಗಿದೆ. ಬಾಟಲಿಯನ್ನು ಗಲ್ಲಾದ ಮುಂದೆ ಇಟ್ಟು, ಇಷ್ಟು ವರ್ಷದಿಂದ ನಮಗೆ ಪಾಕ ಮಾರಿದ್ದೀರಲ್ಲ ಎಂದು ಕೇಳಿದೆ. ಅಂಗಡಿಯವರು ವಯಸ್ಸಾದವರು, ಗಾಬರಿಯಾಗಲಿಲ್ಲ.

"ನಾನೆಲ್ಲಿ ಮುಚ್ಚಿಟ್ಟಿದೀನಿ ಮೇಡಂ, ಮೇಲೇ ಬರ್ದೈತಲ್ಲ. ದೇವರಿಗೆ ಅಂತ ಕೇಳ್ತೀರ, ದೇವರಿಗೆ ಅಂತ ಕೊಡ್ತೀನಿ. ಮನುಷ್ಯರಿಗೆ ಅಂದಿದ್ರೆ ಬೇರೆ ಕೊಡ್ತಿದ್ದೆ."

"ದೇವರಿಗೆ ಪಾಕ, ಮನುಷ್ಯರಿಗೆ ಜೇನಾ?"

"ದೇವರು ಇವತ್ತಿನವರೆಗೂ ವಾಪಸ್ ತಂದಿಲ್ಲ ಕಣ್ರೀ" ಅಂದರು.

ಜಗಳಕ್ಕೆಂದು ಹೋದವಳು ಬಾಟಲಿಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡು ಬಂದೆ. ದೇವರಿಗೆ ಮುಕ್ಕು ಕಾಯಿ ಆಗದೆಂದು ರಾಶಿ ಜಾಲಾಡುತ್ತಿದ್ದ ನಮ್ಮತ್ತೆ ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ. ನೀವೂ ಒಮ್ಮೆ ಎದ್ದುಹೋಗಿ ನಿಮ್ಮ ದೇವರ ಮನೆಯ ಬಾಟಲಿ ತಿರುಗಿಸಿ ನೋಡಿ. ಕನ್ನಡಕ ಹಾಕಿಕೊಂಡು ನೋಡಿ.

ಇಷ್ಟಾದರೂ ಯಜಮಾನರಿಗೆ ನಾನು ಹೇಳಿರಲಿಲ್ಲ. ಡಾಕ್ಟರು ಲೇಬಲ್ ಓದಿದಾಗ ಅವರು ಒಳಗಿದ್ದರು, ಕೇಳಿಸಿರಲಿಲ್ಲ. ಬೆರಳು ಹೋದದ್ದು ಕಾಯಿಲೆಯಿಂದ ಎಂದು ಊರವರೆಲ್ಲ ಅಂದುಕೊಂಡಿದ್ದರು, ನಾನೂ ಹೂಂ ಅನ್ನುತ್ತಿದ್ದೆ. ಅನ್ನ ಬಡಿಸುವಾಗಲೆಲ್ಲ ಕಣ್ಣು ಆ ಕಾಲಿಗೇ ಹೋಗುತ್ತಿತ್ತು. ನಾಲ್ಕು ಬೆರಳು. ನೋಡಬಾರದು ಅಂದುಕೊಂಡಷ್ಟೂ ನೋಡುತ್ತಿದ್ದೆ.

ಕೊನೆಗೆ ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಅವರು ಅಂಗಳದಲ್ಲಿ, ಕಾಲಿಗೆ ಆಸ್ಪತ್ರೆಯವರು ಹೇಳಿದ ಮೆತ್ತನೆಯ ಚಪ್ಪಲಿ ಹಾಕಿಕೊಂಡು, ಉಳಿದ ಕಾಯಿ ಅಲ್ಲಾಡಿಸುತ್ತ ಕೂತಿದ್ದರು. ಪಕ್ಕದಲ್ಲಿ ಕೂತೆ.

"ರೀ, ನಾನು ಕಾಲಿಗೆ ಹಚ್ಚಿದ್ದು ಜೇನಲ್ಲ. ದೇವರ ಮನೆ ಬಾಟಲಿಲಿ ಇದ್ದದ್ದು ಸಕ್ಕರೆ ಪಾಕ."

ಅವರು ಒಂದು ಕಾಯಿ ಅಲ್ಲಾಡಿಸಿ ಬಲಗಡೆ ಹಾಕಿದರು.

"ಗೊತ್ತು" ಅಂದರು.

"ಡಾಕ್ಟ್ರು ಹೇಳಿದ್ರಾ?"

"ಅವರ್ಯಾಕೆ ಹೇಳ್ತಾರೆ. ಸೋಮವಾರ ಸೋಮವಾರ ಆ ಜೇನಿನದೊಂದು ತೊಟ್ಟು ತೀರ್ಥ ಅಂತ ನಾಲಿಗೆಗೆ ಇಟ್ಕೊಳ್ಳೋನು ನಾನಲ್ವೇನೇ? ಜೇನು ಯಾವುದು, ಪಾಕ ಯಾವುದು, ಗೊತ್ತಾಗಲ್ವಾ?"

ಬಾಟಲಿ ನೋಡಿ, ನನ್ನ ಮುಖ ನೋಡಿ, ಬಾಯಿ ತೆರೆದು ಸುಮ್ಮನಾದದ್ದು ನೆನಪಾಯಿತು. "ಗೊತ್ತಿದ್ದೂ ಯಾಕ್ರೀ ಹೇಳ್ಲಿಲ್ಲ ನೀವು? ನಿಮ್ಮ ಕಾಲಲ್ವಾ ಅದು?"

"ಹೇಳಿದ್ದೆ ಕಣೇ. ಹೋದ ಶಿವರಾತ್ರಿಲಿ ಹೇಳಿದ್ದೆ, ಇದು ಪಾಕ ಇದ್ದಂಗೈತೆ ಅಂತ. ಸಕ್ಕರೆ ಕಾಯಿಲೆಯವ್ರಿಗೆ ಎಲ್ಲಾ ಸಿಹಿನೂ ಒಂದೇ ಥರ ಅನ್ಸುತ್ತೆ, ಅದು ವಿಜ್ಞಾನ, ನಿಮಗೆ ಗೊತ್ತಾಗಲ್ಲ ಅಂದೆ ನೀನು."

ಅಂದಿದ್ದೆ. ಅಡುಗೆಮನೆಯಿಂದ ಕೂಗಿ ಹೇಳಿದ್ದೆ, ತಿರುಗಿ ಕೂಡ ನೋಡದೆ. ಅಂಥ ವಿಜ್ಞಾನ ಯಾವ ಪುಸ್ತಕದಲ್ಲೂ ಇಲ್ಲ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅಷ್ಟೇ.

"ನೀನು ಹಚ್ಚೋವಾಗ ಇನ್ನೊಂದು ಸಲ ಹೇಳಾಣ ಅನ್ಕಂಡೆ" ಅಂದರು. "ಕಾಲು ನೋಯ್ತಿದ್ರೆ ಹೇಳ್ತಿದ್ನೇನೋ. ನೋವೇ ಇರ್ಲಿಲ್ಲ. ಮೂವತ್ತು ವರ್ಷದಿಂದ ನಾನು ಏನು ಹೇಳಿದ್ರೂ ತಪ್ಪು ಅಂತೀಯ. ಇದೂ ತಪ್ಪೇ ಇರಬೇಕು ಅನ್ಕಂಡು ಸುಮ್ಕಾದೆ. ಹೋಗ್ಲಿ ಬುಡು, ಒಂದು ಬೆರಳು ತಾನೆ."

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಮಳೆ ಬತ್ತದೆ ಅನ್ನುವ ದನಿಯೇ ಅದು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅವರು ಅಳು ನೋಡಲಾರರು, ಏನಾದರೂ ಮಾಡಬೇಕಲ್ಲ ಎಂದು ರಾಶಿಯಿಂದ ಒಂದು ಕಾಯಿ ತೆಗೆದು ಅಲ್ಲಾಡಿಸಿ, ಮುಖ ಸಿಂಡರಿಸಿ, ಮತ್ತೆ ಅಲ್ಲಾಡಿಸಿ ನನ್ನ ಕೈಗೆ ಕೊಟ್ಟರು.

"ಇದು ಹೆಂಗೈತೆ, ನೀನೇ ಹೇಳು ನೋಡಾನ."

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಉರುಳಿ ಒಂದು ಬದಿಗೆ ಬಡಿಯಿತು. ಒಳ್ಳೆಯದು ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಯವರೆಗೆ ಬಂದಿತ್ತು. ಮತ್ತೊಮ್ಮೆ ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳಿದೆ.

"ನಂಗೆ ಗೊತ್ತಾಗ್ತಿಲ್ಲ. ನೀವೇ ಹೇಳಿ" ಅಂದೆ.

ಯಜಮಾನರು ಕೈಯಲ್ಲಿದ್ದ ಇನ್ನೊಂದು ಕಾಯಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಬೆರಳು ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗಲೂ ಅವರ ಮುಖ ಅಷ್ಟು ಗಾಬರಿಯಾಗಿರಲಿಲ್ಲ.